ಕಿವಿ ಚುಚ್ಚಿಸಿಕೊಳ್ಳುವ ಮುನ್ನ

ಯವ್ವಾ, ನೀ ಕಳಿಸಿದ ಈಸು ಪರೀಕ್ಷೆಯ ಲ್ಯಾಕ್ಟೇಟ್ ರಿಪೋರ್ಟ್ ನೋಡಿದೆ. ಕೊನೆಯ ಸುತ್ತಿನ ಎದುರಿಗಿದ್ದ 9.6ಕ್ಕೆ ಕೆಂಪು ಗುಂಡು ಹಾಕಿ, ‘ಕಾಕಾ, ನನ್ನ ಜೊತಿ ಈಸೋ ಹುಡುಗಿಗೆ ಆರೇ ಬಂದೈತಿ, ನಂಗ್ಯಾಕ ಇಷ್ಟು? ನನ್ನ ದಮ್ಮು ಕಡಿಮಿ ಅಂತನಾ?’ ಅಂತ ಕೇಳಿದ್ದೀಯ. ಅದನ್ನು ಹೇಳುವ ತಾಕತ್ತು ಆ ಒಂದು ಅಂಕಿಗೆ ಇಲ್ಲ. ಅವಳ ಆರನ್ನೂ ನಿನ್ನ ಒಂಬತ್ತನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದೇ ತಪ್ಪು ಲೆಕ್ಕ. ನಾನು ಸೀಟಿ ಊದುತ್ತಲೇ ತಲೆ ನೆರೆಸಿಕೊಂಡ ಪಿ.ಇ. ಮಾಸ್ತರ, ಡಾಕ್ಟರಲ್ಲ. ಆದರೂ ಈ ವಿಷಯ ಬೆನ್ನು ಹತ್ತಿ ಓದಿದ್ದೇನೆ. ಸಿಂಧನೂರು, ಲಿಂಗಸುಗೂರು, ಮಸ್ಕಿಯಿಂದ ಬೆಂಗಳೂರಿಗೆ ಹೋಗಿ ಈಸುವ ಮಕ್ಕಳಿಗೆಲ್ಲ ಇದೇ ದಿಗಿಲು ಬರುವಂಥದ್ದು. ಅದಕ್ಕೇ ತುಸು ಉದ್ದ ಬರೆಯುತ್ತೇನೆ, ಅವರಿಗೂ ಓದಿಸು.

ಮೊದಲು ಲ್ಯಾಕ್ಟೇಟ್ ಮೇಲಿನ ಹೆದರಿಕೆ ಬಿಡು. ಸ್ನಾಯು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಒಡೆದು ಶಕ್ತಿ ಮಾಡಿಕೊಳ್ಳುವಾಗ ಲ್ಯಾಕ್ಟೇಟ್ ಹುಟ್ಟುತ್ತದೆ. ಸುಮ್ಮನೆ ಕೂತಾಗಲೂ ಲೀಟರ್ ರಕ್ತದಲ್ಲಿ ಸುಮಾರು ಒಂದು ಮಿಲಿಮೋಲ್ ಇದ್ದೇ ಇರುತ್ತದೆ. ಹುಳಿ ಹಾಲಿನಿಂದ ಇದನ್ನು ಮೊದಲು ಬೇರ್ಪಡಿಸಿದವನು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ, 1780ರಲ್ಲಿ. ಸ್ನಾಯು ದುಡಿಯುವ ಬಗೆಯನ್ನು ಬಿಡಿಸಿದ್ದಕ್ಕೆ ಹಿಲ್ ಮತ್ತು ಮೈಯರ್‌ಹಾಫ್ ಎಂಬ ವಿಜ್ಞಾನಿಗಳಿಗೆ 1922ರ ನೊಬೆಲ್ ಬಂತು. ಆಮೇಲೆ ಬಹಳ ಕಾಲ ಪುಸ್ತಕಗಳು ಇದನ್ನು ಕಸ, ದಣಿವಿನ ವಿಷ ಅಂತಲೇ ಬರೆದವು. ಅಮೆರಿಕದ ಜಾರ್ಜ್ ಬ್ರೂಕ್ಸ್ 1980ರ ದಶಕದಿಂದ ತೋರಿಸುತ್ತ ಬಂದದ್ದೇ ಬೇರೆ: ಒಂದು ಸ್ನಾಯುವಿನಲ್ಲಿ ಹುಟ್ಟಿದ ಲ್ಯಾಕ್ಟೇಟನ್ನು ಇನ್ನೊಂದು ಸ್ನಾಯು, ಹೃದಯ ಕೂಡ, ಇಂಧನವಾಗಿ ಸುಡುತ್ತದೆ. ಮರುದಿನ ತೋಳು ನೋಯುವುದಕ್ಕೂ ಇದು ಕಾರಣವಲ್ಲ. ರೇಸ್ ಮುಗಿದು ಗಂಟೆಯೊಂದರಲ್ಲಿ ರಕ್ತ ಹೆಚ್ಚುಕಡಿಮೆ ಮೊದಲಿನ ಸ್ಥಿತಿಗೆ ಬಂದಿರುತ್ತದೆ. ಟವೆಲ್ ಹೊದ್ದು ಕೂರುವ ಬದಲು ಹತ್ತಿಪ್ಪತ್ತು ನಿಮಿಷ ನಿಧಾನವಾಗಿ ಈಸಿದರೆ ಇನ್ನೂ ಬೇಗ.

ಈಗ ನಿನ್ನ 9.6ಕ್ಕೆ ಬರೋಣ. ನಮ್ಮ ಭಾಗದ ಎಡದಂಡೆ ಕಾಲುವೆಯ 69ನೇ ಮೈಲಿನಲ್ಲಿ ನೀರಿನ ಮಟ್ಟ ತೋರಿಸುವ ಗೇಜ್ ಬಗ್ಗೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೂ ವಾದ ನಡೆಯುವುದು ನಿನಗೆ ಗೊತ್ತೇ ಇದೆ. ಗೇಜ್ ಇಳಿದರೆ ಡ್ಯಾಮಿನಿಂದಲೇ ನೀರು ಕಡಿಮೆ ಬಿಟ್ಟರೋ, ಮೇಲ್ಭಾಗದವರು ಎಳೆದುಕೊಂಡರೋ, ಗೇಜ್ ಒಂದನ್ನೇ ನೋಡಿ ಹೇಳಲಾಗದು. ರಕ್ತದ ಲ್ಯಾಕ್ಟೇಟೂ ಹಾಗೆಯೇ. ಸ್ನಾಯು ಎಷ್ಟು ಹುಟ್ಟಿಸಿತು, ಮೈ ಎಷ್ಟು ಸುಟ್ಟು ಖಾಲಿ ಮಾಡಿತು, ಇವೆರಡರ ನಡುವೆ ಉಳಿದದ್ದಷ್ಟೇ ಆ ಹನಿಯಲ್ಲಿ ಕಾಣುತ್ತದೆ. ಇಬ್ಬರಿಗೆ ಒಂದೇ ಅಂಕಿ ಬಂದರೂ ಒಳಗೆ ನಡೆದದ್ದು ಬೇರೆಬೇರೆ ಇರಬಹುದು. ನಿನ್ನ ಗೆಳತಿ ಕೊನೆಯ 200 ಮೀಟರನ್ನು ಎಷ್ಟರಲ್ಲಿ ಮುಗಿಸಿದಳು ಅಂತ ಕೇಳಿದೆಯಾ? ಅದನ್ನು ಕೇಳದೆ ಆರು ಎಂಬುದಕ್ಕೆ ಅರ್ಥವೇ ಇಲ್ಲ. ಅವಳು ಪೂರ್ತಿ ಬಲ ಹಾಕದೆಯೂ ಇದ್ದಿರಬಹುದು.

ಪರೀಕ್ಷೆಯ ಕ್ರಮವನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ನಿನಗೆ ಮಾಡಿಸಿದ್ದು ಆಸ್ಟ್ರೇಲಿಯಾದವರು ಹೆಚ್ಚು ಬಳಕೆಗೆ ತಂದ ಏಳು 200ರ ಪರೀಕ್ಷೆ. 200ರಲ್ಲಿ ನಿನ್ನ ಉತ್ತಮ ಸಮಯ 2 ನಿಮಿಷ 20 ಸೆಕೆಂಡು ಅಂತಿಟ್ಟುಕೋ. ಮೊದಲನೆಯದನ್ನು 2:50ರಲ್ಲಿ, ಮುಂದಿನದನ್ನು 2:45ರಲ್ಲಿ, ಹೀಗೆ ಐದೈದು ಸೆಕೆಂಡು ಇಳಿಸುತ್ತ ಏಳನೆಯದನ್ನು ಪ್ರಾಣ ಬಿಟ್ಟು ಈಸಬೇಕು. ಐದಾರು ನಿಮಿಷಕ್ಕೊಂದು ಶುರು. ಪ್ರತಿ ಸಲವೂ ಕಿವಿಹಾಲೆಯಿಂದಲೋ ಬೆರಳಿನಿಂದಲೋ ಒಂದು ಹನಿ ರಕ್ತ, ಜೊತೆಗೆ ನಾಡಿಬಡಿತ, ಎಷ್ಟು ಸಲ ಕೈ ಎಸೆದೆ ಎಂಬ ಎಣಿಕೆ. ಕೊನೆಯದಾದ ಮೇಲೆ ಒಂದೇ ಹನಿ ಸಾಲದು. ಸ್ನಾಯುವಿನಿಂದ ರಕ್ತಕ್ಕೆ ಇಳಿದು ಬರಲು ಹೊತ್ತು ಬೇಕು, ಹಾಗಾಗಿ ಮೂರು, ಐದು, ಏಳನೇ ನಿಮಿಷದಲ್ಲೂ ನೋಡಿದರೆ ಶಿಖರ ಸಿಗುತ್ತದೆ. ಮೊದಲ 50 ಮೀಟರನ್ನು ಹುರುಪಿನಲ್ಲಿ ಜೋರಾಗಿ ಹೊಡೆದು ಕೊನೆಗೆ ಸುಸ್ತಾಗಿ ಅದೇ 2:40ಕ್ಕೆ ತಲುಪಿದರೂ ಆ ಸುತ್ತು ಕೆಟ್ಟಂತೆಯೇ. ನಾಲ್ಕೂ 50 ಒಂದೇ ಹದದಲ್ಲಿ ಬರಬೇಕು.

ಇನ್ನು ಎಲ್ಲರ ಬಾಯಲ್ಲಿರುವ ಆ ‘ನಾಲ್ಕು’. 1976ರಲ್ಲಿ ಜರ್ಮನಿಯ ಮಾಡರ್ ಮತ್ತು ಸಂಗಡಿಗರು 4 ಮಿಲಿಮೋಲ್ ಅನ್ನು ಗುರುತುಗಲ್ಲಾಗಿ ಇಟ್ಟರು: ಅದಕ್ಕಿಂತ ಕೆಳಗೆ ಹುಟ್ಟಿದ್ದೂ ಸುಟ್ಟದ್ದೂ ಸರಿದೂಗುತ್ತದೆ, ಮೇಲೆ ಹೋದರೆ ಏರುತ್ತಲೇ ಹೋಗುತ್ತದೆ ಅಂತ. ಅದು ಹಲವರ ಸರಾಸರಿ. ಒಬ್ಬರಿಗೆ ಆ ಹಂತ ಮೂರಕ್ಕೇ ಬರುತ್ತದೆ, ಇನ್ನೊಬ್ಬರಿಗೆ ಆರರ ಆಸುಪಾಸು. ಆದ್ದರಿಂದ ನಾಲ್ಕು ದಾಟಿದೆ ಎಂದು ಅಳುವುದೂ ಬೇಡ, ದಾಟಲಿಲ್ಲ ಎಂದು ಪೇಡೆ ಹಂಚುವುದೂ ಬೇಡ. ವೇಗ ಏರಿದಂತೆ ಲ್ಯಾಕ್ಟೇಟ್ ಏರುವ ನಿನ್ನ ಗೆರೆ ಎಲ್ಲಿಂದ ಚೂಪಾಗಿ ಮೇಲೇಳುತ್ತದೆ, ಆಗ ನಿನ್ನ ವೇಗ ಎಷ್ಟಿತ್ತು, ಅದನ್ನು ಬರೆದಿಟ್ಟುಕೋ. ಮೂರು ತಿಂಗಳ ಹಿಂದೆ 2:35ಕ್ಕೆ ಐದು ಇದ್ದದ್ದು ಈಗ ಅದೇ 2:35ಕ್ಕೆ ಮೂರೂವರೆ ಬಂದರೆ ದಮ್ಮು ಬೆಳೆದಿದೆ. ನಿನ್ನ ಮೊದಲಿನ ಹಾಳೆಯ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಈ ಹಾಳೆ ಬಾಯಿ ಬಿಡುತ್ತದೆ.

ಇದರಲ್ಲೂ ಮೋಸ ಹೋಗುವ ದಾರಿಗಳಿವೆ, ಅವು ನಮ್ಮ ಕಡೆಯವರಿಗೇ ಹೆಚ್ಚು. ಶ್ರಾವಣ ಸೋಮವಾರ ಒಪ್ಪತ್ತು ಇದ್ದು ಮರುದಿನ ಬೆಳಿಗ್ಗೆ ಪರೀಕ್ಷೆಗೆ ನಿಂತೆಯೋ, ಸ್ನಾಯುವಿನಲ್ಲಿ ಸಕ್ಕರೆ ಕಡಿಮೆಯಾಗಿ ಲ್ಯಾಕ್ಟೇಟ್ ಕಡಿಮೆ ತೋರಬಹುದು. ಕೋಚು ಬೆನ್ನು ತಟ್ಟುತ್ತಾರೆ, ಅಸಲಿಗೆ ನೀನು ಹಸಿದಿದ್ದೆ ಅಷ್ಟೆ. ಊರಿಂದ ರಾತ್ರಿ ಬಸ್ಸು ಹಿಡಿದು ನಿದ್ದೆಗೆಟ್ಟು ಇಳಿದು ನೇರ ಕೊಳಕ್ಕೆ ಹೋಗುವುದೂ ಬೇಡ. ಹಿಂದಿನ ದಿನ ಹಗುರ ಅಭ್ಯಾಸ ಮಾಡು, ರೊಟ್ಟಿಯೋ ಅನ್ನವೋ ಹೊಟ್ಟೆ ತುಂಬ ಉಣ್ಣು. 25 ಮೀಟರಿನ ಕೊಳದಲ್ಲಿ ತಿರುವು ಹೆಚ್ಚು, ಗೋಡೆ ಒದೆಯುವ ಲಾಭ ಹೆಚ್ಚು. ಅಲ್ಲಿಯ ಅಂಕಿಯನ್ನು 50 ಮೀಟರಿನ ಕೊಳದ ಅಂಕಿಗೆ ಹೋಲಿಸಬಾರದು. ಚುಚ್ಚುವ ಮೊದಲು ಕಿವಿಯ ನೀರು, ಬೆವರು ಒರೆಸಬೇಕು, ಮೊದಲ ಹನಿಯನ್ನೂ ಒರೆಸಿ ಎರಡನೆಯದನ್ನು ತೆಗೆಯಬೇಕು. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗಿಲ್ಲ, ಅದೂ ಒಂದೇ ಸಲಕ್ಕೆ. ಯಾರಾದರೂ ‘ಒಂದೇ ಸೂಜಿ ಸಾಕು ಬಿಡು’ ಅಂದರೆ ಎದ್ದು ಬಾ. ಲ್ಯಾಕ್ಟೇಟ್ ಪಟ್ಟಿಗಳನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಇಡಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಬ್ಬಿಯಲ್ಲಿಟ್ಟ ಪಟ್ಟಿ ಹೇಳುವುದನ್ನು ನಂಬಬೇಡ. ಮನೆಯಲ್ಲಿ ಅಪ್ಪ ಸಕ್ಕರೆ ನೋಡಿಕೊಳ್ಳುವ ಮಿಷನ್ನೂ ಇದಕ್ಕೆ ಬರುವುದಿಲ್ಲ.

ಕಡಿಮೆ ಬಂದರೆ ಯಾವಾಗಲೂ ಒಳ್ಳೆಯದು ಎಂಬುದೂ ಸುಳ್ಳು. ಬೆಂಗಳೂರಿನ ಶ್ರೀಹರಿ ನಟರಾಜ್ 2021ರ ಜೂನಿನಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸಿ ಟೋಕಿಯೊ ಒಲಿಂಪಿಕ್ಸಿನ ನೇರ ಅರ್ಹತೆಯ ‘ಎ’ ಗುರಿಯೊಳಗೆ ಬಂದರು. ನಮ್ಮದೇ ರಾಜ್ಯದ ಗಗನ್ ಉಳ್ಳಾಲ್‌ಮಠ 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಈಸಿದ್ದು 1500 ಮೀಟರ್, ಕಾಲು ಗಂಟೆ ಮೀರಿದ ಕೆಲಸ. ಒಂದು ನಿಮಿಷದೊಳಗಿನ ಈಸಿಗೆ ಸಕ್ಕರೆಯನ್ನು ಭರಭರನೆ ಒಡೆಯುವ ಶಕ್ತಿ ಬೇಕೇ ಬೇಕು. ಆ ಈಸುಗಾರನಿಗೆ ಕೊನೆಯ ಸುತ್ತಿನ ಅಂಕಿ ಹತ್ತು ದಾಟುವುದು ಸಹಜ, ಅದು ತೀರ ಇಳಿದರೆ ವೇಗ ಸತ್ತಿದೆ ಎಂದೇ ಅನುಮಾನ ಪಡಬೇಕು. 1500ಕ್ಕೆ ಬೇಕಾದ ಮೈ ಬೇರೆ. ನೀನು 200, 400 ಈಸುವವಳು, ನಿನಗೆ ಎರಡರದ್ದೂ ಪಾಲು ಬೇಕು. ಪೂರ್ತಿ ಬಲ ಹಾಕಿದ ಸುತ್ತಿಗೆ 9.6 ಬಂದದ್ದರಲ್ಲಿ ನನಗೆ ಯಾವ ಕೇಡೂ ಕಾಣಲಿಲ್ಲ. ನಾನು ಗುಂಡು ಹಾಕುವುದಿದ್ದರೆ ಮೂರನೇ ಸುತ್ತಿಗೆ ಹಾಕುತ್ತಿದ್ದೆ. 2:40ಕ್ಕೇ ನಿನ್ನ ಗೆರೆ ಮೇಲೆದ್ದಿದೆ, ತಳದ ಕೆಲಸ, ಅಂದರೆ ನಿಧಾನ ಹದದ ಉದ್ದ ಈಸು, ಸಾಲದು.

ಆ ಕೆಲಸದ ವೇಗ ಗೊತ್ತು ಮಾಡಿಕೊಳ್ಳಲು ಸೂಜಿ ಬೇಕಾಗಿಲ್ಲ. ಊರಿನಲ್ಲಿರುವ ಹುಡುಗರಿಗೂ ಹೇಳು, ಕೈಗಡಿಯಾರವೊಂದಿದ್ದರೆ ಸಾಕು. 30 ನಿಮಿಷ ಒಂದೇ ಹದದಲ್ಲಿ, ನಿಲ್ಲದೆ, ಆದಷ್ಟು ದೂರ ಈಸಿ. 2250 ಮೀಟರ್ ಆಯಿತು ಅನ್ನು. 1800 ಸೆಕೆಂಡನ್ನು 22.5ರಿಂದ ಭಾಗಿಸಿದರೆ ನೂರಕ್ಕೆ 80 ಸೆಕೆಂಡು. ಲ್ಯಾಕ್ಟೇಟ್ ನಾಲ್ಕರ ವೇಗಕ್ಕೆ ಇದು ಸಾಕಷ್ಟು ಹತ್ತಿರ ಬರುತ್ತದೆಂದು 1980ರ ದಶಕದಲ್ಲೇ ಓಲ್ಬ್ರೆಕ್ಟ್ ಎಂಬ ಸಂಶೋಧಕ ಮತ್ತು ಜೊತೆಗಾರರು ತೋರಿಸಿದ್ದಾರೆ. ಅರ್ಧ ಗಂಟೆ ಈಸಲು ಬೇಸರವಾದರೆ ಇನ್ನೊಂದು ಲೆಕ್ಕವಿದೆ. 200 ಮತ್ತು 400 ಮೀಟರನ್ನು ಬೇರೆಬೇರೆ ದಿನ ಪೂರ್ತಿ ಬಲದಲ್ಲಿ ಈಸಿ. ಒಂದು 140 ಸೆಕೆಂಡು, ಇನ್ನೊಂದು 295 ಆದರೆ ವ್ಯತ್ಯಾಸ 155, ಅದರ ಅರ್ಧ, ಎಂದರೆ ನೂರಕ್ಕೆ ಎಪ್ಪತ್ತೇಳೂವರೆ. ಇದು ಸಾಮಾನ್ಯವಾಗಿ ತುಸು ಚುರುಕಾಗಿಯೇ ಬರುತ್ತದೆ, ಎರಡು ಸೆಕೆಂಡು ಸೇರಿಸಿಕೊಳ್ಳಿ. ವಾರದ ಹೆಚ್ಚಿನ ಈಸು ಈ ವೇಗಕ್ಕಿಂತ ನಿಧಾನ ಇರಲಿ. ನಮ್ಮ ಮಕ್ಕಳಲ್ಲಿ ನಾ ಕಂಡ ದೊಡ್ಡ ರೋಗ ಇದೇ: ನಿಧಾನ ಈಸಬೇಕಾದ ದಿನ ಪಕ್ಕದ ಲೇನಿನವನ ಜೊತೆ ಪಂದ್ಯ ಕಟ್ಟುತ್ತಾರೆ, ಜೋರು ಈಸಬೇಕಾದ ದಿನ ದಣಿದಿರುತ್ತಾರೆ.

ನಿನ್ನ ತಮ್ಮನಿಗೂ ಈ ಪರೀಕ್ಷೆ ಮಾಡಿಸೋಣ ಅಂತ ನಿಮ್ಮಪ್ಪ ಹೊರಟಿದ್ದಾನಂತೆ. ಹತ್ತು ವರ್ಷದ ಹುಡುಗನಿಗೆ ಬೇಡ ಅಂತ ನನ್ನ ಹೆಸರು ಹೇಳಿ ನಿಲ್ಲಿಸು. ಚಿಕ್ಕ ಮಕ್ಕಳ ಸ್ನಾಯು ದೊಡ್ಡವರಷ್ಟು ಲ್ಯಾಕ್ಟೇಟ್ ಹುಟ್ಟಿಸುವುದೇ ಇಲ್ಲ, ದೊಡ್ಡವರ ನಾಲ್ಕು ಅವರಿಗೆ ಹೊಂದುವುದಿಲ್ಲ. ಅವನು ಈಗ ಕೈ ಎಸೆಯುವುದನ್ನು, ಉಸಿರು ಬಿಡುವುದನ್ನು ಚೆಂದಾಗಿ ಕಲಿಯಲಿ. ನಿನಗೆ ಮುಂದಿನ ಪರೀಕ್ಷೆ ಎಂಟು ಹತ್ತು ವಾರ ಬಿಟ್ಟು, ಅದೇ ಕೊಳ, ಅದೇ ಹೊತ್ತು, ಅದೇ ಊಟ.

ದಸರಾ ರಜೆಗೆ ಬಂದಾಗ ಇನ್ನೊಂದು ಮಾತು ನಡೆಸಿಕೊಡು. ಆಗ ಕಾಲುವೆ ತುಂಬಿ ಹರಿಯುತ್ತಿರುತ್ತದೆ, ಗೆಳೆಯರು ‘ಒಂದ್ ಸುತ್ತು ಈಸೂಣು ಬಾ’ ಅಂತ ಕರೆಯುತ್ತಾರೆ. ಹರಿವಿನಲ್ಲಿ ತೆಗೆದ ಸಮಯಕ್ಕೆ ಬೆಲೆ ಇಲ್ಲ, ಅದು ಹೋಗಲಿ. ಪಾಚಿ ಹಿಡಿದ ಇಳಿಜಾರು ದಂಡೆಯಲ್ಲಿ ಎಂಥ ಈಸುಗಾರನಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಮಸ್ಕಿ ಹಳ್ಳ ಮಳೆಗೆ ಒಮ್ಮೆಲೇ ಉಕ್ಕುತ್ತದೆ, ಲಿಂಗಸುಗೂರು ಕಡೆಯ ಕೃಷ್ಣೆಯಲ್ಲಿ ಮೊಸಳೆ ಇವೆ. ವಾರ ಈಸದಿದ್ದರೆ ದಮ್ಮು ತುಸು ಇಳಿದೀತು, ಮತ್ತೆ ಬರುತ್ತದೆ. ನೀರಿಗಿಳಿಯುವುದು ಬೆಂಗಳೂರಿಗೆ ಹೋದ ಮೇಲೇ ಇರಲಿ, ಯವ್ವಾ.