ಸುಟ್ಟ ಬದನೆಯ ಗೊಜ್ಜು: ತಾಯಿಯ ತಟ್ಟೆಗೂ ಒಂದು ಪಾಲು



ಕಳೆದ ಮಳೆಗಾಲದಲ್ಲಿ ಒಂದು ಸ್ವಸಹಾಯ ಸಂಘದ ವಾರದ ಸಭೆಗೆ ಹೋಗಿದ್ದೆ. ಉಳಿತಾಯದ ಲೆಕ್ಕ ಮುಗಿದ ಮೇಲೆ ಸದಸ್ಯೆಯರಿಗೆ ಒಂದು ಸಣ್ಣ ಪ್ರಶ್ನೆ ಕೇಳಿದೆ: "ನಿನ್ನೆ ರಾತ್ರಿ ನಿಮ್ಮಲ್ಲಿ ಎಂತ ಪಲ್ಯ?" ತೊಂಡೆ, ಅಲಸಂಡೆ, ಹರಿವೆ, ಬದನೆ ಎಂದು ಒಬ್ಬೊಬ್ಬರೇ ಹೇಳಿದರು. "ಅದರಲ್ಲಿ ನೀವು ಎಷ್ಟು ತಿಂದಿರಿ?" ಎಂದು ಕೇಳಿದಾಗ ಎಲ್ಲರೂ ಒಬ್ಬರನ್ನೊಬ್ಬರು ನೋಡಿ ನಗಲು ಶುರುಮಾಡಿದರು. "ಬಾಣಲೆ ತೊಳೆಯುವಾಗ ಬೆರಳಿಗೆ ಹತ್ತಿದಷ್ಟು ಸಿಸ್ಟರ್" ಎಂದಳು ಒಬ್ಬಳು. ತಮಾಷೆಗೆ ಹೇಳಿದ್ದು ನಿಜ. ಆದರೆ ಅರ್ಧಕ್ಕಿಂತ ಹೆಚ್ಚು ಮಂದಿ ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಊಟ ಮುಗಿಸಿದವರೇ. ಪಲ್ಯ ಮಾಡಿದವಳೂ ಅವಳೇ, ಪಲ್ಯ ಸಿಗದವಳೂ ಅವಳೇ.

ಯಾಕೆ ಸ್ವಲ್ಪವೇ ಮಾಡುವುದು ಎಂದು ಕೇಳಿದರೆ ಎರಡು ಉತ್ತರ ಬಂತು. ಒಂದು, ಬೀಡಿ ಕಟ್ಟಿ ಏಳುವಾಗ ಹೊತ್ತಾಗಿರುತ್ತದೆ. ಇನ್ನೊಂದು, ಎಣ್ಣೆ. "ಬದನೆ ಹುರಿಯಲಿಕ್ಕೆ ಎಷ್ಟು ಎಣ್ಣೆ ಹಾಕಿದ್ರೂ ಸಾಕಾಗುದಿಲ್ಲ" ಅಂತ ಒಬ್ಬ ಅಜ್ಜಿ ಹೇಳಿದರು. ಅವರ ಮಾತು ಸರಿ. ಬದನೆಯ ತಿರುಳು ಸ್ಪಂಜಿನ ಹಾಗೆ, ಒಳಗೆಲ್ಲ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳು. ಹಸಿ ಹೋಳನ್ನು ಬಾಣಲೆಗೆ ಹಾಕಿದ ಕೂಡಲೇ ಗಾಳಿಯ ಜಾಗಕ್ಕೆ ಎಣ್ಣೆ ಹೋಗಿ ಕೂರುತ್ತದೆ. ಅದೇ ಕಾಯಿಯನ್ನು ಇಡಿಯಾಗಿ ಸುಟ್ಟರೆ ತನ್ನ ನೀರಿನಲ್ಲೇ ಬೇಯುತ್ತದೆ, ಗೂಡುಗಳು ಕುಸಿಯುತ್ತವೆ. ಆಮೇಲೆ ಒಗ್ಗರಣೆಗೆ ಎರಡು ಸಣ್ಣ ಚಮಚ ಎಣ್ಣೆ ಸಾಕು. ನಮ್ಮ ಹಿರಿಯರು ಗಂಜಿಗೆ ಸುಟ್ಟ ಬದನೆಯ ಗೊಜ್ಜು ಮಾಡುತ್ತಿದ್ದದ್ದು ಸುಮ್ಮನೆ ಅಲ್ಲ. ಆದ್ದರಿಂದ ಮುಂದಿನ ವಾರ ಅದನ್ನೇ ಪ್ರಾತ್ಯಕ್ಷಿಕೆಯಾಗಿ ಮಾಡಿದೆವು.

ಐದು ಜನರ ಮನೆಗೆ ಅರ್ಧ ಕೆ.ಜಿ. ಬದನೆ, ಅಂದ್ರೆ ದೊಡ್ಡದಾದರೆ ಎರಡು ಕಾಯಿ. ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ಹಗುರವಾಗಿರಬೇಕು, ಸಿಪ್ಪೆ ಹೊಳೆಯಬೇಕು, ತೊಟ್ಟು ಹಸಿರಾಗಿರಬೇಕು. ಭಾರವಾಗಿ ಬಣ್ಣ ಮಾಸಿದ್ದರೆ ಒಳಗೆ ಬೀಜ ಬಲಿತಿರುತ್ತದೆ, ಕಹಿ ಬರಬಹುದು. ಮಟ್ಟುಗುಳ್ಳ ಸಿಕ್ಕಿದರೆ ಅದೃಷ್ಟ. ಉಡುಪಿ ಹತ್ತಿರದ ಮಟ್ಟು ಗ್ರಾಮದ ಈ ದುಂಡು ಹಸಿರು ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದೆ. ಆದರೆ ಅದರ ಕ್ರಯ ನೋಡಿ ಹಿಂದೆ ಬರಬೇಡಿ, ಸಂತೆಯ ನೇರಳೆ ಬದನೆಯೂ ಚೆನ್ನಾಗಿಯೇ ಆಗುತ್ತದೆ.

ಕಾಯಿಯನ್ನು ತೊಳೆದು ಒರೆಸಿ, ತೊಟ್ಟು ತೆಗೆಯದೆ, ಚೂರಿಯಿಂದ ನಾಲ್ಕು ಕಡೆ ಉದ್ದಕ್ಕೆ ಸೀಳಿ. ಇದಕ್ಕೆ ಎರಡು ಕಾರಣ: ಒಳಗೆ ಹುಳ ಉಂಟೋ ಎಂದು ನೋಡಬಹುದು, ಹಬೆ ಹೊರಗೆ ಹೋಗಲು ದಾರಿಯೂ ಆಗುತ್ತದೆ. ಸೀಳದ ಕಾಯಿ ಬೆಂಕಿಯಲ್ಲಿ ಪಟ್ಟಂತ ಒಡೆದು ಮುಖಕ್ಕೆ ಹಾರೀತು. ಮೇಲೆ ಒಂದು ಹನಿ ಎಣ್ಣೆ ಸವರಿ. ಗ್ಯಾಸ್ ಆದರೆ ಸಾಧಾರಣ ಉರಿಯಲ್ಲಿ ನೇರವಾಗಿ ಇಟ್ಟು ತೊಟ್ಟು ಹಿಡಿದು ಆಗಾಗ ತಿರುಗಿಸಿ, ಹತ್ತು ಹದಿನೈದು ನಿಮಿಷ ಬೇಕು. ಸೌದೆ ಒಲೆಯಾದರೆ ಅನ್ನ ಆದ ಮೇಲೆ ಉಳಿದ ಕೆಂಡದಲ್ಲಿ ಹೂತಿಡಿ, ಬೇರೆ ಸೌದೆ ಖರ್ಚಿಲ್ಲ. ಅಷ್ಟರಲ್ಲಿ ನಿಮ್ಮ ಬೇರೆ ಕೆಲಸ ಆಗುತ್ತದೆ.

ಇಲ್ಲಿ ಒಂದು ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಮಳೆಗಾಲದಲ್ಲಿ ಸೌದೆ ಹಿಡಿಯುವುದಿಲ್ಲ ಎಂದು ಹಾಲಿನ ತೊಟ್ಟೆ, ಬಿಸ್ಕೆಟಿನ ಕವರ್ ಹಾಕಿ ಬೆಂಕಿ ಮಾಡುವ ಅಭ್ಯಾಸ ತುಂಬಾ ಮನೆಗಳಲ್ಲಿದೆ. ಪ್ಲಾಸ್ಟಿಕ್ ಸುಟ್ಟ ಹೊಗೆ ವಿಷ. ಅದು ನಿಮ್ಮ ಎದೆಗೂ ಹೋಗುತ್ತದೆ, ಅದೇ ಕೆಂಡದಲ್ಲಿಟ್ಟ ಬದನೆಗೂ ಹಿಡಿಯುತ್ತದೆ. ತೆಂಗಿನ ಗರಿ, ಒಣ ಸಿಪ್ಪೆ ಒಂದಿಷ್ಟು ಜಗಲಿಯ ಮೂಲೆಯಲ್ಲಿ ಕೂಡಿಟ್ಟುಕೊಳ್ಳಿ.

ಸಿಪ್ಪೆ ಎಲ್ಲಾ ಕಡೆ ಕಪ್ಪಾಗಿ ಕಾಯಿ ಮೆತ್ತಗೆ ಕುಸಿದರೆ ಆಯಿತು. ಪಾತ್ರೆಯಲ್ಲಿಟ್ಟು ಐದು ನಿಮಿಷ ಮುಚ್ಚಿ, ಹಬೆಗೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ, ರುಚಿಯೆಲ್ಲ ನೀರಿನಲ್ಲಿ ಹೋಗುತ್ತದೆ. ಬೆರಳು ಒದ್ದೆ ಮಾಡಿಕೊಂಡು ಸುಲಿಯಿರಿ, ಕರಿ ಚೂರುಗಳನ್ನು ಪೂರ್ತಿ ತೆಗೆಯಿರಿ. ತಿರುಳನ್ನು ಕಿವುಚಿ, ಎರಡು ನೀರುಳ್ಳಿ, ಎರಡು ಹಸಿಮೆಣಸು ಸಣ್ಣಗೆ ಹೆಚ್ಚಿ ಹಾಕಿ. ಅಡಿಕೆ ಗಾತ್ರದ ಹುಣಸೆಹುಳಿಯನ್ನು ಕುದಿಸಿ ತಣಿದ ನೀರಿನಲ್ಲಿ ಕಿವುಚಿ ಸೇರಿಸಿ. ಹೊಗೆಯ ಪರಿಮಳ ಮತ್ತು ಹುಳಿ ಇರುವುದರಿಂದ ಉಪ್ಪು ಸ್ವಲ್ಪವೇ ಸಾಕಾಗುತ್ತದೆ, ಬಿ.ಪಿ. ಇರುವವರಿಗೆ ಇದು ಒಳ್ಳೆಯದು. ಕೊನೆಗೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ. ಮಾಡಿದ ಹೊತ್ತಿಗೇ ಮುಗಿಸಿ, ಹಸಿ ನೀರುಳ್ಳಿ ಹಾಕಿದ್ದನ್ನು ಮರುದಿನಕ್ಕೆ ಇಡಬೇಡಿ.

ಸುಟ್ಟ ಮೇಲೆ ಬದನೆ ಕುಗ್ಗುತ್ತದೆ. ಐದು ಜನರಿಗೆ ಸಾಲದು ಎನಿಸಿದರೆ ಒಂದು ಮುಳ್ಳುಸೌತೆ ಕೊಚ್ಚಿ ಹಾಕಿ, ಇಲ್ಲವೇ ಹುಣಸೆಯ ಬದಲು ಒಂದು ಲೋಟ ಮೊಸರು ಸೇರಿಸಿ. ಬೆಂಡೆ, ಹಾಗಲ, ಕುಂಬಳವನ್ನು ಕೆಂಡದಲ್ಲಿ ಸುಡಲಾಗದು. ಒಂದೇ ದಪ್ಪಕ್ಕೆ ಹೆಚ್ಚಿ ಕಾವಲಿಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ ಹುರಿಯಿರಿ. ಉಪ್ಪು ಕೊನೆಗೆ ಹಾಕಿ, ಮೊದಲೇ ಹಾಕಿದರೆ ನೀರು ಬಿಟ್ಟು ಹುರಿಯುವ ಬದಲು ಬೇಯುತ್ತದೆ.

"ಬದನೆ ನಂಜಲ್ವಾ ಸಿಸ್ಟರ್?" ಎಂದು ಕೇಳುವವರು ಪ್ರತಿ ಸಭೆಯಲ್ಲೂ ಇದ್ದಾರೆ. ತಿಂದಾಗ ಮೈ ತುರಿಸುವವರು, ಬಾಯಿ ಕಡಿಯುವವರು ಬಿಡಲೇಬೇಕು. ಆದರೆ ನಂಜು ಎಂಬ ಒಂದು ಮಾತಿನಿಂದ ಬಾಣಂತಿಯ ತಟ್ಟೆಯಿಂದ ಬದನೆ, ಸೊಪ್ಪು, ಕುಂಬಳ ಎಲ್ಲವನ್ನೂ ತೆಗೆದು ಬರೀ ಅನ್ನ, ಮೆಣಸಿನ ಸಾರು ಉಳಿಸಿದ ಮನೆಗಳನ್ನು ನೋಡಿದ್ದೇನೆ. ಅದು ಆಕೆಗೂ ಮಗುವಿಗೂ ನಷ್ಟ.

ಬದನೆ ತಿಂದರೆ ರಕ್ತ ಹೆಚ್ಚುತ್ತದೆ ಎಂದು ನಾನು ಹೇಳುವುದಿಲ್ಲ. ಅದರಲ್ಲಿ ಕಬ್ಬಿಣದ ಅಂಶ ಕಡಿಮೆ. ಅದಕ್ಕೆ ಹರಿವೆ, ಬಸಳೆ, ಕಾಳು, ಮೀನು ಬೇಕು, ಆರೋಗ್ಯ ಕೇಂದ್ರದ ಮಾತ್ರೆಯೂ ಬೇಕು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ ಮತ್ತು ಹಣ್ಣು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಣಲೆ ಕೆರೆದು ತಿನ್ನುವವಳಿಗೆ ಅದರಲ್ಲಿ ಎಷ್ಟು ಸಿಕ್ಕೀತು?

ಅದಕ್ಕೇ ಆ ದಿನ ಗೊಜ್ಜು ಆದ ಮೇಲೆ ನಾವು ಐದು ಬಟ್ಟಲು ಇಟ್ಟು, ಬಡಿಸುವ ಮೊದಲೇ ಪಾಲು ಮಾಡಿದೆವು. ಐದನೆಯ ಬಟ್ಟಲು ಅಡುಗೆ ಮಾಡಿದವಳದ್ದು. ಅದನ್ನು ಮುಚ್ಚಿ ಬೇರೆ ಇಟ್ಟೆವು. ಎಣ್ಣೆಯ ಮಾತು ಹೇಳಿದ್ದ ಅಜ್ಜಿ ಸುಮ್ಮನೆ ನೋಡುತ್ತಿದ್ದರು. ಆಮೇಲೆ, "ನಾನೂ ಕೆರೆದೇ ತಿಂದವಳು. ಸೊಸೆಗೆ ಬೇರೆ ತೆಗೆದಿಡಬೇಕು ಅಂತ ನಂಗೂ ಹೊಳೀಲಿಲ್ಲ" ಅಂದರು. ಸೊಸೆ ಪಕ್ಕದಲ್ಲೇ ಕೂತಿದ್ದಳು, ಏನೂ ಹೇಳಲಿಲ್ಲ.

ಈ ವಾರ ನಿಮ್ಮ ಮನೆಯಲ್ಲೂ ಒಮ್ಮೆ ಮಾಡಿ. ಮುಂದಿನ ಸಭೆಯಲ್ಲಿ ರುಚಿ ಹೇಗಿತ್ತು ಎಂದು ಆಮೇಲೆ ಕೇಳುತ್ತೇನೆ. ಐದನೆಯ ಬಟ್ಟಲನ್ನು ಯಾರು ತಿಂದರು ಎಂದು ಮೊದಲು ಹೇಳಬೇಕು.