ಮೀನಿನ ತೊಟ್ಟಿಗೆ ಯೀಸ್ಟ್ ಬಾಟಲಿ: ಒಂದು ಅಭ್ಯಾಸ ಪಾಠದ ಅನುಭವ

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಘಟಕದ ದ್ಯುತಿಸಂಶ್ಲೇಷಣೆ ಮತ್ತು ಅವಾಯುವಿಕ ಉಸಿರಾಟವನ್ನು ಒಂದೇ ಚಟುವಟಿಕೆಯಲ್ಲಿ ತೋರಿಸಲು, ಹೈಡ್ರಿಲ್ಲಾ ಬೆಳೆದಿದ್ದ ಶಾಲೆಯ ಮೀನಿನ ತೊಟ್ಟಿಯನ್ನು ಬಳಸಿಕೊಂಡೆನು. 2 ಲೀಟರ್ ಪ್ಲಾಸ್ಟಿಕ್ ಬಾಟಲಿಗೆ 200 ಗ್ರಾಂ ಸಕ್ಕರೆ, ಕಾಲು ಚಮಚ ಯೀಸ್ಟ್, ಮುಕ್ಕಾಲು ಭಾಗ ಉಗುರುಬೆಚ್ಚಗಿನ ನೀರು. ಮುಚ್ಚಳ ಕೊರೆದು ನಳಿಕೆ ತೂರಿಸಿ, ನೊರೆ ತೊಟ್ಟಿ ಸೇರದಂತೆ ನಡುವೆ ನೀರಿನ ಚಿಕ್ಕ ಬಾಟಲಿ ಇಟ್ಟೆನು. ನಳಿಕೆ ಕಟ್ಟಿಕೊಂಡರೆ ಬಾಟಲಿ ಸಿಡಿಯಬಹುದು; ಗಾಜಿನದು ಬೇಡವೇ ಬೇಡ. ಎರಡು ಗಂಟೆಯಲ್ಲಿ ಗುಳ್ಳೆ ಬಂದವು. ಪಾಠವೂ ಚೆನ್ನಾಗಿಯೇ ಸಾಗಿತು.

ಮರುದಿನ ಬೆಳಿಗ್ಗೆ ನೋಡಿದರೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. “ಮಿಸ್, ರಾತ್ರಿ ಗಿಡಕ್ಕೆ ಈ ಅನಿಲ ಬೇಡ. ಆದ್ರೆ ಯೀಸ್ಟ್ ಬಿಡ್ತಾನೇ ಇರುತ್ತಲ್ವಾ?” ಎಂದಳು ಹಿಂದಿನ ಬೆಂಚಿನ ಹುಡುಗಿ. ನನ್ನ ಪಾಠಯೋಜನೆಯಲ್ಲಿ ಇರದಿದ್ದ ಪ್ರಶ್ನೆ. ಕತ್ತಲಲ್ಲಿ ಗಿಡವೂ ಉಸಿರಾಡಿ ಅದೇ ಅನಿಲವನ್ನು ಬಿಡುತ್ತದೆಂದು ಹೇಳುತ್ತಲೇ ನಳಿಕೆ ತೆಗೆದು ಏರ್ ಪಂಪ್ ಹಾಕಿದೆನು. ಮಧ್ಯಾಹ್ನದೊಳಗೆ ಮೀನುಗಳು ಕೆಳಗಿಳಿದವು, ಒಂದು ಉಳಿಯಲಿಲ್ಲ. ಯೀಸ್ಟಿಗೆ ಸ್ವಿಚ್ ಇಲ್ಲ. ಈಗ ಶಾಲೆ ಬಿಡುವಾಗ ನಳಿಕೆಯ ತುದಿಯನ್ನು ತೊಟ್ಟಿಯಿಂದ ಹೊರಗೆ, ಮುಚ್ಚದೆ, ಇಳಿಬಿಡುತ್ತೇವೆ. ಆ ಕೆಲಸ ಅದೇ ಹುಡುಗಿಯದು.