ಹದಿನೈದನೆಯ ಶಿಖರ

1850ರ ಸುಮಾರಿಗೆ ಭಾರತದ ಭೂಮಾಪನ ಇಲಾಖೆಯ ಕಡತಗಳಲ್ಲಿ ಜಗತ್ತಿನ ಅತ್ಯುನ್ನತ ಪರ್ವತಕ್ಕೆ ಒಂದು ಅಂಕೆ ಮಾತ್ರವಿತ್ತು: ಹದಿನೈದನೆಯ ಶಿಖರ. ಅಂದು ನೇಪಾಳವು ಪರದೇಶೀಯರಿಗೆ ಬಾಗಿಲು ತೆರೆದಿರಲಿಲ್ಲ. ಆದುದರಿಂದ ಭೂಮಾಪಕರು ಬಿಹಾರದ ಬಯಲಿನಲ್ಲಿ ನಿಂತು, ನೂರು ಮೈಲಿಗೂ ಮಿಕ್ಕ ದೂರದಿಂದ, ಕೋನಗಳನ್ನು ಅಳೆಯುವ ಥಿಯೊಡೊಲೈಟ್ ಎಂಬ ಯಂತ್ರದ ಮೂಲಕ ಹಿಮಾಲಯದ ಶಿಖರಗಳನ್ನು ಒಂದೊಂದಾಗಿ ಗುರುತಿಸಿಕೊಂಡರು. ಬೇರೆ ಬೆಟ್ಟಗಳ ಹಿಂದಿನಿಂದ ತಲೆಯನ್ನಷ್ಟೇ ತೋರುತ್ತಿದ್ದ ಈ ಶಿಖರವು ನೋಡುವವರ ಕಣ್ಣಿಗೆ ಅಂಥ ದೊಡ್ಡದಾಗಿಯೇನೂ ಕಾಣುತ್ತಿರಲಿಲ್ಲ. ಅದರ ಹಿರಿಮೆ ತಿಳಿದುಬಂದುದು ಗಣಿತದಿಂದ. ಗಾಳಿಯಲ್ಲಿ ಬಾಗುವ ಬೆಳಕಿನ ಕಿರಣ, ಭೂಮಿಯ ಗೋಳಾಕಾರ ಮೊದಲಾದವುಗಳಿಗೆ ತಕ್ಕ ತಿದ್ದುಪಡಿ ಮಾಡಿ ಲೆಕ್ಕ ಹಾಕಿದ ಗಣಕರಲ್ಲಿ ಬಂಗಾಳದ ರಾಧಾನಾಥ ಸಿಕ್ದರ್ ಪ್ರಮುಖರು. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ. 2020ರ ಡಿಸೆಂಬರಿನಲ್ಲಿ ನೇಪಾಳ ಮತ್ತು ಚೀನಾ ದೇಶಗಳು ಸೇರಿ ಸಾರಿದ ಎತ್ತರ 8,848.86 ಮೀಟರು, ಎಂದರೆ ಸುಮಾರು 29,032 ಅಡಿ. ಬಯಲಿನಲ್ಲಿ ನಿಂತವರ ಲೆಕ್ಕಕ್ಕೂ ಇದಕ್ಕೂ ಇರುವ ಅಂತರ ಮೂವತ್ತೇ ಅಡಿ!

ಎತ್ತರವನ್ನು ಇಷ್ಟು ಸರಿಯಾಗಿ ಹಿಡಿದವರು ಹೆಸರಿನಲ್ಲಿ ಎಡವಿದರು. ಆಗ ಮಹಾಮಾಪಕಾಧಿಕಾರಿಯಾಗಿದ್ದ ಆಂಡ್ರೂ ವಾ ಎಂಬಾತನು, ಈ ಪರ್ವತಕ್ಕೆ ಸ್ಥಳೀಯವಾದ ಹೆಸರು ಯಾವುದೂ ದೊರೆಯಲಿಲ್ಲವೆಂದು ಹೇಳಿ, ತನಗಿಂತ ಹಿಂದೆ ಆ ಪದವಿಯಲ್ಲಿದ್ದ ಜಾರ್ಜ್ ಎವರೆಸ್ಟನ ಹೆಸರನ್ನು ಸೂಚಿಸಿದನು. ಎವರೆಸ್ಟನಾದರೋ 1843ರಲ್ಲಿಯೇ ನಿವೃತ್ತನಾಗಿ ಇಂಗ್ಲೆಂಡಿಗೆ ಮರಳಿದ್ದನು. ಸ್ಥಳಗಳನ್ನು ಅಲ್ಲಿಯ ಜನ ಕರೆಯುವ ಹೆಸರಿನಿಂದಲೇ ಗುರುತಿಸಬೇಕೆಂಬುದು ಅವನು ಪಾಲಿಸಿಕೊಂಡು ಬಂದಿದ್ದ ಪದ್ಧತಿ. ತನಗೆ ಸಂದ ಈ ಗೌರವಕ್ಕೆ ಅವನೇ ಆಕ್ಷೇಪವೆತ್ತಿದನು. ತನ್ನ ಹೆಸರನ್ನು ಹಿಂದಿಯಲ್ಲಿ ಬರೆಯಲು ಬಾರದು, ಭಾರತೀಯರು ಅದನ್ನು ಉಚ್ಚರಿಸಲಾರರು ಎಂದು 1857ರಲ್ಲಿ ತಿಳಿಸಿದನು. ಆದರೂ 1865ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯು ಅದೇ ಹೆಸರನ್ನು ಅಂಗೀಕರಿಸಿತು. ಅವನ ಮನೆತನದವರು ತಮ್ಮ ಹೆಸರನ್ನು ‘ಈವ್‌ರಿಸ್ಟ್’ ಎಂದು ಹೇಳುತ್ತಿದ್ದರು. ಇಂದು ಲೋಕವೆಲ್ಲ ‘ಎವರೆಸ್ಟ್’ ಎನ್ನುತ್ತದೆ. ಉಚ್ಚಾರಣೆಯಲ್ಲಿ ತಪ್ಪಿದವರು ಭಾರತೀಯರಷ್ಟೇ ಅಲ್ಲವೆಂದಾಯಿತು!

ಸ್ಥಳೀಯವಾದ ಹೆಸರು ನಿಜವಾಗಿಯೂ ಇರಲಿಲ್ಲವೆ? ಹಿಂದೆ ಕಠ್ಮಂಡುವಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ರಿಯಾನ್ ಹಾಡ್ಜ್‌ಸನ್ನನು ‘ದೇವಧುಂಗಾ’, ಎಂದರೆ ದೇವರ ಕಲ್ಲು, ಎಂಬ ಹೆಸರನ್ನು ಮುಂದಿಟ್ಟನು. ಮತ್ತೆ ಕೆಲವರು ‘ಗೌರೀಶಂಕರ’ವೇ ಇದು ಎಂದರು. ಗೌರೀಶಂಕರವು ಸುಮಾರು 58 ಕಿಲೋಮೀಟರು ಪಶ್ಚಿಮಕ್ಕಿರುವ ಬೇರೆಯೇ ಶಿಖರವೆಂದು 1903ರಲ್ಲಿ ಖಚಿತವಾಯಿತು. ವಾಸ್ತವವಾಗಿ, 1733ರಷ್ಟು ಹಿಂದೆಯೇ ಫ್ರಾನ್ಸಿನ ದಾನ್‌ವಿಲ್ ಎಂಬ ಭೂಪಟಕಾರನು ಟಿಬೆಟ್ಟಿನ ನಕ್ಷೆಯೊಂದರಲ್ಲಿ, ತುಸು ವಿರೂಪಗೊಂಡ ರೂಪದಲ್ಲಾದರೂ, ‘ಚೊಮೊಲುಂಗ್ಮಾ’ ಎಂಬ ಹೆಸರನ್ನು ಕಾಣಿಸಿದ್ದನು. ಬಿಹಾರದ ಬಯಲಿನಿಂದ ಶಿಖರ ಕಾಣುತ್ತಿತ್ತು. ಅದರ ಮರೆಯಲ್ಲಿ ಬಾಳುತ್ತಿದ್ದ ಜನರ ಮಾತು ಅಲ್ಲಿಯವರೆಗೆ ಕೇಳುತ್ತಿರಲಿಲ್ಲ.

ನೇಪಾಳಿ ಭಾಷೆಯ ಹೆಸರು ‘ಸಗರಮಾಥಾ’. ಇದನ್ನು ಬಳಕೆಗೆ ತಂದವರು ಇತಿಹಾಸಕಾರರಾದ ಬಾಬುರಾಮ ಆಚಾರ್ಯರು. 1930ರ ದಶಕದ ಕೊನೆಯಲ್ಲಿ ಅವರು ಬರೆದ ಲೇಖನದಿಂದ ಅದು ಪ್ರಚಾರಕ್ಕೆ ಬಂದಿತು. ಮುಂದೆ ನೇಪಾಳ ಸರ್ಕಾರವೂ ಅದನ್ನೇ ಸ್ವೀಕರಿಸಿತು. ಇಲ್ಲಿ ‘ಸಗರ’ ಎಂದರೆ ಆಕಾಶ, ‘ಮಾಥಾ’ ಎಂದರೆ ತಲೆ. ಕನ್ನಡದ ಬರವಣಿಗೆಯಲ್ಲಿ ಇದು ಕೆಲವೊಮ್ಮೆ ‘ಸಾಗರಮಾತಾ’ ಎಂದಾಗುವುದುಂಟು. ಒಂದು ದೀರ್ಘ ಹೆಚ್ಚಾಗಿ, ಒಂದು ಮಹಾಪ್ರಾಣ ಕಳೆದು, ಆಕಾಶದ ತಲೆಯು ಕಡಲ ತಾಯಿಯಾಗಿಬಿಡುತ್ತದೆ! ವಿಚಿತ್ರವೆಂದರೆ, ಆ ಶಿಖರಕ್ಕೆ ಕಡಲ ನಂಟು ಇಲ್ಲದೆ ಇಲ್ಲ. ಅದರ ತುದಿಯ ಬಂಡೆ ಸುಣ್ಣಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರತಳದಲ್ಲಿ ಮಡಿದ ಜೀವಿಗಳ ಅವಶೇಷಗಳು ಅದರಲ್ಲಿ ಅಡಗಿವೆ. ಆದರೆ ಹೆಸರಿಟ್ಟವರ ಮನಸ್ಸಿನಲ್ಲಿ ಈ ಸಂಗತಿಯಿರಲಿಲ್ಲ. ತಪ್ಪು ಕಾಗುಣಿತಕ್ಕೆ ಇದು ಸಮರ್ಥನೆಯೂ ಆಗದು.

ಚೊಮೊಲುಂಗ್ಮಾ ಎಂಬುದಕ್ಕೆ ‘ಲೋಕಮಾತೆಯಾದ ದೇವತೆ’ ಎಂದು ಅರ್ಥ ಹೇಳುವುದು ರೂಢಿ. ಟಿಬೆಟ್ಟಿನ ಭಾಷೆಯಲ್ಲಿ ‘ಜೊಮೊ’ ಅಥವಾ ‘ಚೊಮೊ’ ಎಂದರೆ ಒಡತಿ, ದೇವಿ. ಉಳಿದ ಭಾಗದ ಅರ್ಥ ಅಷ್ಟು ಸರಳವಲ್ಲ. ಅದು ಆ ಪರ್ವತದಲ್ಲಿ ನೆಲೆಸಿರುವಳೆಂದು ಷೆರ್ಪಾ ಜನರು ನಂಬುವ ಮಿಯೊಲಾಂಗ್‌ಸಾಂಗ್ಮಾ ಎಂಬ ದೇವಿಯ ಹೆಸರಿನ ಹ್ರಸ್ವರೂಪವೆಂದು ತಿಳಿದವರು ವಿವರಿಸುತ್ತಾರೆ. ಹುಲಿಯನ್ನೇರಿದ ಈ ದೇವಿ, ಬೇಡಿದವರಿಗೆ ಅನ್ನ ಸಂಪತ್ತುಗಳನ್ನು ಕೊಡುವವಳು. ಐವರು ಅಕ್ಕತಂಗಿಯರಲ್ಲಿ ಒಬ್ಬಳು. ಹಿರಿಯಳಾದ ತ್ಸೆರಿಂಗ್ಮಾಳ ನೆಲೆ ಗೌರೀಶಂಕರ. ಪರದೇಶದ ವಿದ್ವಾಂಸರು ಒಂದೆಂದು ಭ್ರಮಿಸಿದ ಎರಡು ಶಿಖರಗಳು ಷೆರ್ಪಾಗಳ ಪಾಲಿಗೆ ಎಂದಿನಿಂದಲೂ ಸೋದರಿಯರು.

1953ರ ಮೇ 29ರಂದು ಎಡ್ಮಂಡ್ ಹಿಲರಿಯೊಡನೆ ಈ ಶಿಖರವನ್ನು ಮೊದಲು ಏರಿದ ತೇನ್‌ಸಿಂಗ್ ನೋರ್ಗೆ ಅವರು ತಮ್ಮ ಆತ್ಮಕಥೆಯಲ್ಲಿ ಮತ್ತೊಂದು ಅರ್ಥವನ್ನು ಹೇಳಿದ್ದಾರೆ. ಷೆರ್ಪಾ ತಾಯಂದಿರು ತಮ್ಮ ಮಕ್ಕಳಿಗೆ, ಯಾವ ಹಕ್ಕಿಯೂ ಹಾರಿ ದಾಟಲಾರದಷ್ಟು ಎತ್ತರದ ಬೆಟ್ಟವಿದು ಎಂದು ಹೇಳಿಕೊಡುತ್ತಿದ್ದರಂತೆ. ತೇನ್‌ಸಿಂಗರು ಕೇಳಿ ಬೆಳೆದ ಅರ್ಥವೂ ಅದೇ. ನಿಘಂಟು ಇದನ್ನು ಒಪ್ಪಲಿಕ್ಕಿಲ್ಲ. ಯಾಕ್ ಮೇಯಿಸುತ್ತ ಆ ಬೆಟ್ಟವನ್ನು ದಿನವೂ ತಲೆಯೆತ್ತಿ ನೋಡಿದ ಹುಡುಗನಿಗೆ ನಿಘಂಟು ಬೇಕಾಗಿಯೂ ಇರಲಿಲ್ಲ. ಹಕ್ಕಿಯೂ ದಾಟದ ಆ ತುದಿಯನ್ನು ಮುಟ್ಟಿದಾಗ ಅವರು ಹಿಮದಲ್ಲಿ ಒಂದು ಪುಟ್ಟ ಗುಳಿಯನ್ನು ತೋಡಿ, ಜೊತೆಯಲ್ಲಿ ತಂದಿದ್ದ ಸಿಹಿತಿನಿಸುಗಳನ್ನು ಅದರಲ್ಲಿಟ್ಟು, ಹಿಮವನ್ನು ಮುಚ್ಚಿ ಕೈಮುಗಿದರು.